ಹಣ್ಣಿಗೆ ಕೈಟೊಸಾನ್ ಹಾಳೆ: ಎರೆಯುವಾಗ ಗಮನಿಸಬೇಕಾದದ್ದು

ಹಣ್ಣಿನ ಡಬ್ಬಿಯಲ್ಲಿ ಬೂಸ್ಟು ತಡೆಯುವ ತೆಳು ಹಾಳೆಯನ್ನು ಕೈಟೊಸಾನ್ ಪುಡಿಯಿಂದ ಮಾಡಬಹುದು. ಸೀಗಡಿ ಸಿಪ್ಪೆಯಿಂದ ತೆಗೆಯುವ ಈ ಪುಡಿ ಬರೀ ನೀರಿನಲ್ಲಿ ಕರಗದು, ಹುಳಿ ಬೇಕೇ ಬೇಕು. ಶೇ. 5ರ ಬಿಳಿ ವಿನೆಗರ್ 20 ಮಿ.ಲೀ., ನೀರು 80 ಮಿ.ಲೀ. ಬೆರೆಸಿ, 2 ಗ್ರಾಂ ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಾ ಕಲಕಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ರಾತ್ರಿಯಿಡೀ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಗ್ಲಿಸರಿನ್ 0.6 ಗ್ರಾಂ ಸಾಕು. ಕಡಿಮೆಯಾದರೆ ಹಾಳೆ ಮಡಿಸಿದಲ್ಲೇ ಬಿರಿಯುತ್ತದೆ, ಹೆಚ್ಚಾದರೆ ಅಂಟಂಟು.

ಬೂಸ್ಟು ತಡೆಯಲು ಲವಂಗದೆಣ್ಣೆ 0.5 ಮಿ.ಲೀ. ಅದನ್ನು ಮೊದಲು 0.1 ಗ್ರಾಂ ಟ್ವೀನ್ 80 (ಎಣ್ಣೆ ನೀರಿನಲ್ಲಿ ಬೆರೆಯುವಂತೆ ಮಾಡುವ ವಸ್ತು) ಜೊತೆ ಕಲಸಿಯೇ ದ್ರಾವಣಕ್ಕೆ ಹಾಕಿ, ಜೋರಾಗಿ ಕಡೆಯಿರಿ. ಇಲ್ಲದಿದ್ದರೆ ಒಣಗುವಾಗ ಎಣ್ಣೆ ಬೇರ್ಪಟ್ಟು ಮೇಲೆ ಹನಿಹನಿಯಾಗಿ ನಿಲ್ಲುತ್ತದೆ.

ನೊರೆ ಇಳಿಯುವವರೆಗೆ ಕಾಯಿರಿ. ಪ್ರತಿ ಗುಳ್ಳೆಯೂ ಮುಂದೆ ಒಂದು ತೂತು. 9 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪೆಟ್ರಿ ತಟ್ಟೆಗೆ (ಪ್ರಯೋಗಾಲಯದ ದುಂಡನೆಯ ಚಪ್ಪಟೆ ತಟ್ಟೆ) 20 ಮಿ.ಲೀ. ಎರೆದು, ಸಮತಟ್ಟು ಜಾಗದಲ್ಲಿ ಒಣಗಿಸಿ. ಶಾಖ 40 ಡಿಗ್ರಿ ದಾಟಿದರೆ ಲವಂಗದೆಣ್ಣೆ ಹಾರಿಹೋಗುತ್ತದೆ.

ಅಂಜೂರ, ದ್ರಾಕ್ಷಿಯನ್ನು ಇದರಲ್ಲಿ ಬಿಗಿಯಾಗಿ ಸುತ್ತಬೇಡಿ. ಈ ಹಾಳೆ ಆಮ್ಲಜನಕವನ್ನು ಅಷ್ಟಾಗಿ ಒಳಬಿಡದು, ಉಸಿರು ಕಟ್ಟಿದ ಹಣ್ಣು ಹೆಂಡದ ವಾಸನೆ ಹೊಡೆಯುತ್ತದೆ. ಬದಲಿಗೆ ಹಾಳೆಯನ್ನು ಗಾಳಿಕಿಂಡಿಯಿರುವ ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಸಿ. ಹಣ್ಣಿನ ಮೇಲೆ ನೀರಿನ ಪಸೆ ಇರಬಾರದು, ಹಾಳೆ ಉಬ್ಬಿ ಮೆತ್ತಗಾಗುತ್ತದೆ. ಸೀಗಡಿ ಅಲರ್ಜಿ ಇರುವವರಿಗೆ ತಿಳಿಸದೆ ಕೊಡಲೇಬೇಡಿ.