ಯಜಮಾನ್ರು ಎಲ್ಲಿ ಅಂತ ಕೇಳದ ಮನೆ

ಏಟು ತಿಂದು ಮನೆ ಬಿಟ್ಟು ಬಂದವಳಿಗೆ ಮೊದಲ ರಾತ್ರಿ ಮಲಗಲು ಜಾಗ ಸಿಗುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ಸಖಿ ಕೇಂದ್ರವಿದೆ, ಅಲ್ಲಿ 5 ದಿನ ಇರಬಹುದು. ಆಮೇಲೆ ಶಕ್ತಿ ಸದನ, ಸರ್ಕಾರದ ಆಸರೆ ಮನೆ. ಹಿಂದೆ ಅದಕ್ಕೆ ಸ್ವಾಧಾರ ಗೃಹ ಅನ್ನುತ್ತಿದ್ದರು. ನನ್ನ ನಿದ್ದೆ ಕೆಡಿಸುವುದು ಅದರ ಮುಂದಿನದು, ಬಾಡಿಗೆ ಮನೆ.

ಮೈಸೂರಿನಲ್ಲಿ ಇಂಥ ಹೆಂಗಸರಿಗೆ ಮನೆ ಹುಡುಕಿಕೊಡುವ ಕೆಲಸ ಮಾಡುತ್ತಾ ‘ಮನೆ ಬಾಡಿಗೆಗೆ ಇದೆ’ ಬೋರ್ಡು ಕಂಡಲ್ಲೆಲ್ಲ ಗಾಡಿ ನಿಲ್ಲಿಸುವ ಚಟ ಹತ್ತಿದೆ. ಗೇಟಿನಲ್ಲೇ ಕೇಳುತ್ತಾರೆ, “ಯಜಮಾನ್ರು ಏನ್ ಮಾಡ್ತಾರೆ?” ಮೊದಮೊದಲು “ದುಬೈಲಿದ್ದಾರೆ” ಅಂತ ಸುಳ್ಳು ಹೇಳಿ ನೋಡಿದೆ. ತಿಂಗಳೊಳಗೆ ಗುಟ್ಟು ರಟ್ಟಾಯಿತು, ಅಡ್ವಾನ್ಸ್ ವಾಪಸ್ ಕೊಟ್ಟು ಖಾಲಿ ಮಾಡಿಸಿದರು. ಈಗ ನಿಜವನ್ನೇ ಹೇಳುತ್ತೇನೆ, ಆದರೆ ಎಲ್ಲರಿಗೂ ಅಲ್ಲ. ಓನರು ಕೆಳಗಡೆಯೇ ಇರಬೇಕು. ಆ ಮನೆಯಲ್ಲೊಬ್ಬ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಸಂಜೆ ಮುಂದೆ ಅವರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುವ ಹೊತ್ತಿಗೆ ಹೋಗಿ, ನಾನೂ ನಾಲ್ಕು ಕಾಯಿ ಸುಲಿಯುತ್ತಾ ಮಾತು ತೆಗೆಯುತ್ತೇನೆ.

ಮಂಡ್ಯ ಕಡೆಯ ಒಬ್ಬ ತಾಯಿಗೆ ಮನೆ ಸಿಕ್ಕಿದ್ದು ಹೀಗೆ. ಯಾವ ಬಡಾವಣೆ ಅಂತ ಬರೆಯುವುದಿಲ್ಲ, ಯಾಕೆ ಅಂತ ಗೊತ್ತಲ್ವಾ. ಜೊತೆಗೆ 6 ವರ್ಷದ ಮಗಳು, 13 ವರ್ಷದ ಮಗ. ಶಕ್ತಿ ಸದನದಲ್ಲಿ ಗಂಡುಮಕ್ಕಳಿಗೆ 12 ವರ್ಷದವರೆಗೆ ಮಾತ್ರ ಜಾಗ. ಮಗನನ್ನು ಬೇರೆ ಕಡೆ ಬಿಡಬೇಕು ಅಂದದ್ದಕ್ಕೆ ಆಕೆ, “ಹಂಗಾದ್ರೆ ನಾನು ವಾಪಸ್ ಹೋಯ್ತೀನಿ ಮೇಡಂ” ಅಂದಳು. ಹೋಗುವವಳೇ. ಅದಕ್ಕೇ ಅವಸರ.

ಆ ಅವಸರದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಳೇ ಶಾಲೆಗೆ ಟಿಸಿ ಕೇಳಿ ಬರೆದ ಅರ್ಜಿಯಲ್ಲಿ ಹೊಸ ಶಾಲೆಯ ಹೆಸರು ಹಾಕಿಬಿಟ್ಟೆ. ಮೂರನೇ ದಿನ ಅಪ್ಪ ಆ ಶಾಲೆಯ ಗೇಟಿನಲ್ಲಿ ನಿಂತಿದ್ದ. ಪುಣ್ಯಕ್ಕೆ ಆವತ್ತು ಹುಡುಗನಿಗೆ ಜ್ವರ, ಶಾಲೆಗೆ ಹೋಗಿರಲಿಲ್ಲ. ಮತ್ತೆ ಶಾಲೆ ಬದಲಾಯಿಸಬೇಕಾಯಿತು. ಎಂಟನೇ ಕ್ಲಾಸಿನವರೆಗೆ ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಈಗ ಮೊದಲು ಮಕ್ಕಳನ್ನು ಸೇರಿಸುತ್ತೇನೆ. ಟಿಸಿ ಮಾತು ಆಮೇಲೆ, ಅದೂ ಹೆಡ್‌ಮಾಸ್ಟರ ಹತ್ತಿರ ಖುದ್ದು ಕೂತು ಮಾತಾಡಿದ ಮೇಲೆ. ಮಕ್ಕಳ ಫೋನಿನಲ್ಲಿ ಅಪ್ಪನ ಜಿಮೇಲ್ ಇದೆಯಾ ಅಂತಲೂ ನೋಡುತ್ತೇನೆ. ಇದ್ದರೆ ಆ ಫೋನೇ ದಾರಿ ತೋರಿಸುತ್ತದೆ.

ದುಡ್ಡಿನ ವಿಷಯ. ಗೃಹಲಕ್ಷ್ಮಿಯ 2000 ಈಕೆಯ ಖಾತೆಗೇ ಬೀಳುತ್ತಿತ್ತು, ಎಟಿಎಂ ಕಾರ್ಡು ಮಾತ್ರ ಗಂಡನ ಜೇಬಿನಲ್ಲಿತ್ತು. ಮೊದಲ ದಿನವೇ ಬ್ಲಾಕ್ ಮಾಡಿಸಿದೆವು.

ಕಾನೂನು ಇಲ್ವಾ ಅಂದರೆ, ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ, ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಅಂತ ಕೋರ್ಟು ಗಂಡನಿಗೆ ಹೇಳಬಹುದು. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ನೋಡಬೇಕು ಅಂತಲೂ ಕಾಯ್ದೆಯಲ್ಲಿದೆ. ಅದನ್ನು ನಂಬಿ ನಾನು ಮನೆ ಹುಡುಕುವುದಿಲ್ಲ. ಅರ್ಜಿಯನ್ನಂತೂ ಹಾಕಿಸಿಯೇ ಹಾಕಿಸುತ್ತೇನೆ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಬಿಟ್ಟಿ ಸಿಗುತ್ತಾರೆ. ಗಂಡನ ಜೊತೆ ಸಂಸಾರ ಮಾಡಿದ ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿರುವ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸರಿ, ಆ ಮನೆಯಲ್ಲಿ ರಾತ್ರಿ ಕಣ್ಣು ಮುಚ್ಚುವವರು ಯಾರು? ಆದರೂ ಊರ ಪಂಚಾಯ್ತಿಯಲ್ಲಿ ‘ನನಗೆ ಈ ಮನೆ ಬೇಡ’ ಅನ್ನುವ ಕಾಗದ ಮುಂದಿಟ್ಟರೆ ಸುಮ್ನೆ ಸಹಿ ಹಾಕಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹಾಲು ಉಕ್ಕಿಸಿದ ದಿನ ಆಕೆ ಕೇಳಿದ್ದು ಒಂದೇ, ಒಳಗಡೆಗೆ ಇನ್ನೊಂದು ಚಿಲಕ. ಹಳೇ ಮನೆಯಲ್ಲಿ ರೂಮಿನ ಚಿಲಕವನ್ನು ಗಂಡ ಕಿತ್ತುಹಾಕಿದ್ದನಂತೆ. ಬಡಗಿ ಹೊಡೆದುಕೊಟ್ಟು ಹೋದ ಮೇಲೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಸಾಕು ಬುಡಮ್ಮ” ಅಂದ ಮಗ. ಅಷ್ಟರಲ್ಲಿ ಕೆಳಗಿನಿಂದ ಅಜ್ಜಿಯ ಕೂಗು: “ನೀರು ಬಂತು ಕಣವ್ವಾ, ಕೊಡ ತಗೊಂಡು ಬಾ!”