ವಿದೇಶದಲ್ಲಿ ಆತಿಥೇಯ ಕುಟುಂಬದೊಂದಿಗಿದ್ದು ಓದುವವರಿಗೆ

ಓದಿಗಾಗಿ ಹೊರದೇಶಕ್ಕೆ ಹೋಗಿ ಅಲ್ಲಿನ ಕುಟುಂಬವೊಂದರ ಜೊತೆ ಇರುವ ವಿದ್ಯಾರ್ಥಿಯನ್ನು ಕಾಡುವುದು ಬಹುಪಾಲು ಸಣ್ಣ ಸಂಗತಿಗಳೇ. ಬೆಳಿಗ್ಗೆ ಸ್ನಾನದ ಮನೆಯಲ್ಲಿ ಎಷ್ಟು ಹೊತ್ತು ಇರಬಹುದು, ಫ್ರಿಜ್ಜಿನಲ್ಲಿರುವುದನ್ನು ಕೇಳದೆ ತೆಗೆದುಕೊಳ್ಳಬಹುದೇ, ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆಯೇ ಎಂಬಂಥ ಅನುಮಾನಗಳು ದಿನವಿಡೀ ಹಿಂಬಾಲಿಸುತ್ತವೆ. ಪ್ರತಿ ಮನೆಯಲ್ಲೂ ಇವಕ್ಕೆಲ್ಲ ಕಟ್ಟಳೆಗಳಿರುತ್ತವೆ. ಅವುಗಳಲ್ಲೇ ಬೆಳೆದವರಿಗೆ ಅವು ಕಟ್ಟಳೆಗಳೆಂದೇ ತೋರುವುದಿಲ್ಲವಾದ್ದರಿಂದ ಯಾರೂ ತಾವಾಗಿ ಹೇಳುವುದಿಲ್ಲ.

ಹೀಗಾಗಿ ಮೊದಲ ವಾರದಲ್ಲೇ ಕೇಳಿ ತಿಳಿದುಕೊಳ್ಳಬೇಕು. ತಡವಾದಷ್ಟೂ ಕೇಳುವುದಕ್ಕೆ ಸಂಕೋಚವಾಗುತ್ತದೆ. ‘ಹೀಗೆ ಮಾಡಬಹುದೇ?’ ಎಂದು ಕೇಳಿದರೆ ಒಳ್ಳೆಯ ಮನಸ್ಸಿನವರು ‘ನಿನ್ನ ಮನೆಯೆಂದೇ ತಿಳಿದುಕೋ’ ಎಂದುಬಿಡುತ್ತಾರೆ; ಆ ಮಾತಿನಲ್ಲಿ ಪ್ರೀತಿಯಿದೆ, ಆದರೆ ನಮಗೆ ಬೇಕಾದ ಉತ್ತರವಿಲ್ಲ. ಅದರ ಬದಲು ‘ರಾತ್ರಿ ಹತ್ತರ ನಂತರ ವಾಷಿಂಗ್ ಮಷೀನ್ ಹಾಕಿದರೆ ಯಾರ ನಿದ್ದೆಗಾದರೂ ತೊಂದರೆಯಾಗುತ್ತದೆಯೇ?’, ‘ಊಟಕ್ಕೆ ಬರುವುದಿಲ್ಲವೆಂದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು?’ ಎಂದು ನಿರ್ದಿಷ್ಟವಾಗಿ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ. ಮನೆಯ ಹಿರಿಯರನ್ನು ಏನೆಂದು ಕರೆಯಬೇಕೆಂಬುದನ್ನೂ ಅವರನ್ನೇ ಕೇಳಿ. ಬೀಗದ ಕೈ, ಸ್ನೇಹಿತರನ್ನು ಕರೆತರುವುದು, ಸಂಜೆ ಮರಳುವ ಹೊತ್ತು, ಯಾವ ಖರ್ಚು ಯಾರದು ಎಂಬ ವಿಷಯಗಳೂ ಆಗಲೇ ಇತ್ಯರ್ಥವಾಗಲಿ.

ಭಾಷೆಯ ದಣಿವನ್ನು ಹೊರಡುವ ಮುನ್ನ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತರಗತಿಯಲ್ಲಿ ಚೆನ್ನಾಗಿಯೇ ಅರ್ಥವಾಗುವ ಭಾಷೆ ಊಟದ ಮೇಜಿನ ಸುತ್ತ ನಾಲ್ವರು ಒಟ್ಟಿಗೆ ಮಾತನಾಡತೊಡಗಿದಾಗ ಕೈಗೆ ಸಿಗುವುದಿಲ್ಲ. ಉಳಿದವರೆಲ್ಲ ನಕ್ಕು ಮುಗಿಸಿದ ಮೇಲೆ ನಮಗೆ ಹಾಸ್ಯ ಹೊಳೆಯುತ್ತದೆ, ಸಂಜೆಯಾಗುವಷ್ಟರಲ್ಲಿ ತಲೆ ಭಾರವಾಗಿರುತ್ತದೆ. ಆಗ ಎಲ್ಲಕ್ಕೂ ತಲೆಯಾಡಿಸುವುದು ಸುಲಭವೆನಿಸಬಹುದು, ಆದರೆ ಅಪಾಯವಿರುವುದು ಅಲ್ಲೇ. ಅರ್ಥವಾಗದೆ ‘ಹೂಂ’ ಅಂದದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡುವ ಪ್ರವಾಸಕ್ಕೆ ಕೊಟ್ಟ ಒಪ್ಪಿಗೆಯಾಗಿರಬಹುದು; ಮನೆಮಂದಿಯೆಲ್ಲ ಕಾರಿನಲ್ಲಿ ಕಾಯುತ್ತಿರುವಾಗ ನೀವು ಇನ್ನೂ ಹಾಸಿಗೆಯಲ್ಲಿರುತ್ತೀರಿ. ‘ಕೊನೆಯಲ್ಲಿ ಹೇಳಿದ್ದು ತಿಳಿಯಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?’ ಎಂದು ಕೇಳುವುದರಿಂದ ಯಾರ ಗೌರವವೂ ಕುಗ್ಗುವುದಿಲ್ಲ. ದಣಿವಾದಾಗ ಹಾಗೆಂದು ಹೇಳಿಯೇ ಕೋಣೆಗೆ ಹೋಗಿ. ಹೇಳದೆ ಎದ್ದುಹೋದರೆ ಅದು ಮುನಿಸಿನಂತೆ ಕಾಣುತ್ತದೆ.

ಮೊದಲ ದಿನಗಳ ಉತ್ಸಾಹ ಇಳಿದ ಮೇಲೆ ಬರುವ ಕುಗ್ಗುವಿಕೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ ‘ಕಲ್ಚರ್ ಶಾಕ್’ (ಪರಿಚಯವಿಲ್ಲದ ಸಂಸ್ಕೃತಿಯಲ್ಲಿ ಬದುಕಬೇಕಾದಾಗ ಆಗುವ ಕಳವಳ) ಎಂಬ ಮಾತನ್ನು 1954ರ ಉಪನ್ಯಾಸವೊಂದರಲ್ಲಿ ವಿವರಿಸಿ, ಅದು ಹಂತಹಂತವಾಗಿ ಬರುತ್ತದೆಂದು ತೋರಿಸಿದರು. ಮರುವರ್ಷ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕಕ್ಕೆ ಹೋಗಿದ್ದ ನಾರ್ವೆಯ ಫುಲ್‌ಬ್ರೈಟ್ (ಅಮೆರಿಕ ಸರ್ಕಾರದ ವಿನಿಮಯ ವಿದ್ಯಾರ್ಥಿವೇತನ) ವಿದ್ವಾಂಸರ ಪೈಕಿ 6 ತಿಂಗಳಿಗಿಂತ ಕಡಿಮೆ ಅಥವಾ 18 ತಿಂಗಳಿಗಿಂತ ಹೆಚ್ಚು ಕಾಲ ಇದ್ದವರಿಗಿಂತ ನಡುವಿನ ಅವಧಿಯವರೇ ಹೊಂದಿಕೊಳ್ಳಲು ಹೆಚ್ಚು ಕಷ್ಟಪಟ್ಟಿದ್ದು ಕಂಡುಬಂತು. ಎಲ್ಲರ ಅನುಭವವೂ ಇದೇ ರೇಖೆಯಲ್ಲಿ ಸಾಗುವುದಿಲ್ಲವೆಂದು ನಂತರದ ಸಂಶೋಧಕರು ಹೇಳಿದ್ದಾರೆ. ಕೆಲವರಿಗೆ ಬಂದಿಳಿದ ದಿನಗಳೇ ಅತಿ ಕಠಿಣ. ಯಾವಾಗ ಬಂದರೂ, ಮನಸ್ಸು ಇಳಿದಿರುವ ವಾರದಲ್ಲಿ ಊರಿಗೆ ಮರಳುವ ತೀರ್ಮಾನವನ್ನು ಮಾಡಬೇಡಿ. ಊಟ, ನಿದ್ದೆ, ತರಗತಿ ತಪ್ಪಿಸಬೇಡಿ. ಈ ಸ್ಥಿತಿ ವಾರಗಟ್ಟಲೆ ಉಳಿದರೆ ಕಾಲೇಜಿನ ಆಪ್ತಸಮಾಲೋಚಕರನ್ನು ಕಾಣಿ.

ಹೆತ್ತವರೊಡನೆ ಫೋನಿನಲ್ಲಿ ಮಾತನಾಡಲು ನಿಗದಿತ ಹೊತ್ತಿರಲಿ. ದಿನವಿಡೀ ಸಂದೇಶ ಕಳುಹಿಸುತ್ತಾ ಕೂತರೆ ದೇಹ ಒಂದು ಮನೆಯಲ್ಲಿ, ಮನಸ್ಸು ಇನ್ನೊಂದರಲ್ಲಿ ಎಂಬಂತಾಗುತ್ತದೆ.

ಅಸಮಾಧಾನವಿದ್ದರೆ ಅದು ಬೆಳೆಯುವ ಮೊದಲೇ ಸಂಬಂಧಪಟ್ಟವರ ಬಳಿ, ಬಿಡುವಾಗಿರುವಾಗ, ಒಂದೇ ಸಂಗತಿಯನ್ನು ಎತ್ತಿಕೊಂಡು ಮಾತನಾಡಬೇಕು. ‘ನೀವು ಯಾವಾಗಲೂ ಹೀಗೇ’ ಎಂಬ ದೂರಿಗಿಂತ ‘ಪರೀಕ್ಷೆಯ ಹಿಂದಿನ ರಾತ್ರಿ ಟಿವಿಯ ಸದ್ದಿಗೆ ಓದಲಾಗಲಿಲ್ಲ’ ಎಂಬ ಮಾತು ಕೆಲಸ ಮಾಡುತ್ತದೆ. ಅದರಿಂದಲೂ ಸರಿಹೋಗದಿದ್ದರೆ, ನಿಮ್ಮನ್ನು ಆ ಮನೆಯಲ್ಲಿ ಇರಿಸಿದ ವಿನಿಮಯ ಕಾರ್ಯಕ್ರಮದ ಸ್ಥಳೀಯ ಸಂಯೋಜಕರಿಗೆ ತಿಳಿಸಿ. ಅವರಿರುವುದೇ ಅದಕ್ಕಾಗಿ, ಅಮೆರಿಕದ ಪ್ರೌಢಶಾಲಾ ವಿನಿಮಯ ಕಾರ್ಯಕ್ರಮದ ನಿಯಮಗಳ ಪ್ರಕಾರ ಅವರು ವಿದ್ಯಾರ್ಥಿಯನ್ನು ತಿಂಗಳಿಗೊಮ್ಮೆಯಾದರೂ ಸಂಪರ್ಕಿಸಲೇಬೇಕು.

ಇಷ್ಟೆಲ್ಲ ತಾಳ್ಮೆ ಹೊಂದಾಣಿಕೆಯ ವಿಷಯಗಳಿಗೆ ಮಾತ್ರ. ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಳ್ಳುವುದು, ಊಟ ಕೊಡದಿರುವುದು, ಅಸಭ್ಯವಾಗಿ ಮುಟ್ಟುವುದು, ಬೆದರಿಸುವುದು ಇವುಗಳಲ್ಲಿ ಯಾವುದು ನಡೆದರೂ ಮನೆಯವರೊಡನೆ ಚರ್ಚಿಸುತ್ತ ಕೂರದೆ ಅದೇ ದಿನ ಸಂಯೋಜಕರಿಗೆ ಹಾಗೂ ಹೆತ್ತವರಿಗೆ, ಅಗತ್ಯವಿದ್ದರೆ ಪೊಲೀಸರಿಗೆ ತಿಳಿಸಿ. ಇವರೆಲ್ಲರ ದೂರವಾಣಿ ಸಂಖ್ಯೆಗಳು ಫೋನಿನಲ್ಲಷ್ಟೇ ಅಲ್ಲದೆ ಕಾಗದದ ಮೇಲೂ ನಿಮ್ಮ ಬಳಿ ಇರಲಿ. ಮನೆ ಬದಲಿಸಬೇಕಾಗಿ ಬಂದರೆ ಅದನ್ನು ಸೋಲೆಂದು ತಿಳಿಯಬೇಡಿ. ಕೇವಲ ಹೊಂದಾಣಿಕೆಯಾಗದೆ ಹೊರಡುತ್ತಿದ್ದರೆ, ಕೋಣೆಯನ್ನು ಒಪ್ಪ ಮಾಡಿ, ಬೀಗದ ಕೈಯನ್ನು ಒಪ್ಪಿಸಿ, ಇಟ್ಟುಕೊಂಡಿದ್ದಕ್ಕೆ ಕೃತಜ್ಞತೆ ಹೇಳಿಯೇ ಹೊರಡಿ.