ಕಂಟ್ರೋಲ್-ಸಿ ಒತ್ತಿದರೂ ತೂಕದ ಲೆಕ್ಕ ಉಳಿಯಬೇಕಾ?

ಚಿಕ್ಕಮಗಳೂರು ಕಡೆ ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣು ತೂಗಿ, ಯಾರು ಎಷ್ಟು ಕಿಲೋ ಕೊಯ್ದರು ಅಂತ ಬರೆದುಕೊಳ್ಳುತ್ತಾರೆ. ಅದಕ್ಕೊಂದು ಸಣ್ಣ ಸಿ ಪ್ರೋಗ್ರಾಂ ಇದೆ ಅಂದುಕೊಳ್ಳಿ. ತೋಟದ ಆಫೀಸಿನಲ್ಲಿ ವಿಂಡೋಸ್, ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ರೈಟರು (ತೋಟದ ಲೆಕ್ಕ ಬರೆಯುವವರು) ನಡುವೆ ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಬಫರಿನಲ್ಲಿದ್ದ, ಅಂದರೆ ಮೆಮೊರಿಯಲ್ಲೇ ಕಾಯುತ್ತಿದ್ದ ಸಾಲುಗಳು ಫೈಲಿಗೆ ಬರದೇ ಹೋಗಬಹುದು.

ಆ ಕೀ ಒತ್ತಿದ್ದು ಪ್ರೋಗ್ರಾಮಿಗೆ ಸಿಗ್‌ಇಂಟ್ ಎಂಬ ಸಿಗ್ನಲ್ ಆಗಿ ಬರುತ್ತದೆ. ಸ್ಟ್ಯಾಂಡರ್ಡ್ ಸಿ ಹೆಸರಿಸುವುದೇ ಆರು ಸಿಗ್ನಲ್, ಅದರಲ್ಲಿ ಇದೂ ಒಂದು. ‘ಸಿಗ್ನಲ್.ಎಚ್’ ಸೇರಿಸಿ, ‘ಸಿಗ್ನಲ್’ ಫಂಕ್ಷನ್ನಿಗೆ ಸಿಗ್‌ಇಂಟ್ ಮತ್ತು ನಿಮ್ಮ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಹೆಸರು ಕೊಡಿ.

ಜಾಸ್ತಿ ಜನ ಎಡವುವುದು ಹ್ಯಾಂಡ್ಲರ್ ಒಳಗೆ. ಅಲ್ಲಿ ಪ್ರಿಂಟ್‌ಎಫ್, ಎಫ್‌ಕ್ಲೋಸ್, ಫ್ರೀ ಯಾವುದೂ ಬೇಡ. ಸಿಗ್ನಲ್ ಬಂದ ಹೊತ್ತಿಗೆ ಮೇನ್ ಅದೇ ಫೈಲಿಗೆ ಅರ್ಧ ಸಾಲು ಬರೆದಿರಬಹುದು, ಅಲ್ವಾ? ಎಲ್ಲ ಫಂಕ್ಷನ್‌ಗಳ ಹೊರಗೆ ‘ವೊಲಟೈಲ್ ಸಿಗ್_ಅಟಾಮಿಕ್_ಟಿ ನಿಲ್ಲಿಸು = 0;’ ಅಂತ ಇಡಿ, ಹ್ಯಾಂಡ್ಲರ್ ಅದನ್ನು 1 ಮಾಡಲಿ, ಲೂಪು ಪ್ರತಿ ಸುತ್ತಿನಲ್ಲೂ ಅದನ್ನು ನೋಡಿ, 1 ಆಗಿದ್ದರೆ ಹೊರಗೆ ಬಂದು ನಿಧಾನವಾಗಿ ಫೈಲ್ ಮುಚ್ಚಲಿ. ವೊಲಟೈಲ್ ಬಿಟ್ಟರೆ, ಇದು ಬದಲಾಗುವುದೇ ಇಲ್ಲ ಅಂದುಕೊಂಡು ಕಂಪೈಲರ್ ಆ ಪರೀಕ್ಷೆಯನ್ನೇ ಕಿತ್ತುಹಾಕಬಹುದು. 0ರಿಂದ 127ರ ಆಚೆಗಿನ ಸಂಖ್ಯೆಯನ್ನು ‘ನಿಲ್ಲಿಸು’ ಒಳಗೆ ಇಡಬೇಡಿ.

ಒಂದು ಸಲ ಓಡಿದ ಹ್ಯಾಂಡ್ಲರ್ ಎರಡನೇ ಸಲಕ್ಕೂ ಇರುತ್ತದೆ ಅಂತ ಸ್ಟ್ಯಾಂಡರ್ಡ್ ಮಾತು ಕೊಡುವುದಿಲ್ಲ. ಬಿಎಸ್‌ಡಿ ಎಂಬ ಯೂನಿಕ್ಸ್ ಬಗೆಯಲ್ಲಿ ಉಳಿಯುತ್ತದೆ. ಸಿಸ್ಟಂ ಫೈವ್ ಯೂನಿಕ್ಸಿನಲ್ಲಿ, ವಿಂಡೋಸಿನಲ್ಲಿ ಹೋಗುತ್ತದೆ, ಆಮೇಲೆ ಇನ್ನೊಂದು ಕಂಟ್ರೋಲ್-ಸಿ ಬಿದ್ದರೆ ಪ್ರೋಗ್ರಾಂ ಮುಗೀತು. ಲಿನಕ್ಸಿನ ಸಿ ಲೈಬ್ರರಿ ಗ್ಲಿಬ್‌ಸಿಯದ್ದು ಇನ್ನೂ ತಮಾಷೆ: ಸುಮ್ನೆ ಕಂಪೈಲ್ ಮಾಡಿದರೆ ಬಿಎಸ್‌ಡಿ ತರಹ, ‘-ಎಸ್‌ಟಿಡಿ=ಸಿ99’ ಕೊಟ್ಟರೆ ಸಿಸ್ಟಂ ಫೈವ್ ತರಹ! ಹಾಗಾಗಿ ಹ್ಯಾಂಡ್ಲರಿನ ಮೊದಲ ಸಾಲಿನಲ್ಲೇ ‘ಸಿಗ್ನಲ್’ ಅನ್ನು ಅದೇ ಸಿಗ್ನಲ್ಲಿಗೆ ಮತ್ತೆ ಕರೆಯಿರಿ. ಅದಕ್ಕೆ ಸ್ಟ್ಯಾಂಡರ್ಡ್ ಅನುಮತಿ ಇದೆ. ಪೋಸಿಕ್ಸ್‌ನ (ಯೂನಿಕ್ಸ್ ತರಹದ ಸಿಸ್ಟಂಗಳ ಸ್ಟ್ಯಾಂಡರ್ಡ್) ಸಿಗ್‌ಆಕ್ಷನ್ ಫಂಕ್ಷನ್ ಇದಕ್ಕಿಂತ ಚೆನ್ನಾಗಿದೆ, ಆದರೆ ಅದು ಸ್ಟ್ಯಾಂಡರ್ಡ್ ಸಿ ಅಲ್ಲ, ವಿಂಡೋಸಿನ ಸಿ ಲೈಬ್ರರಿಯಲ್ಲಿ ಸಿಗುವುದಿಲ್ಲ.

ತೂಕಕ್ಕಾಗಿ, ಒಂದು ಸಾಲು ಓದುವ ಎಫ್‌ಗೆಟ್ಸ್‌ನಲ್ಲಿ ಕಾಯುವಾಗಲೂ ವ್ಯತ್ಯಾಸ ಇದೆ. ಬಿಎಸ್‌ಡಿ ತರಹದಲ್ಲಿ ಎಂಟರ್ ಒತ್ತುವವರೆಗೂ ಅದು ಕಾಯುತ್ತಲೇ ಇರುತ್ತದೆ, ಸಿಸ್ಟಂ ಫೈವ್ ತರಹದಲ್ಲಿ ನಲ್ ಕೊಟ್ಟು ವಾಪಸ್ ಬರಬಹುದು. ನಲ್ ಬಂದರೆ ಇನ್‌ಪುಟ್ ಮುಗಿಯಿತು ಅಂತ ತಿಳಿಯುವ ಮುಂಚೆ ‘ನಿಲ್ಲಿಸು’ ನೋಡಿ.

ಪ್ರತಿ ಸಾಲಾದ ಮೇಲೆ ಲೂಪಿನಲ್ಲಿ ಒಂದು ಎಫ್‌ಫ್ಲಷ್ ಕೂಡ ಇರಲಿ. ಅದು ಬಫರಿನಲ್ಲಿದ್ದದ್ದನ್ನು ಆಪರೇಟಿಂಗ್ ಸಿಸ್ಟಮಿಗೆ ಕೊಡುತ್ತದೆ, ಡಿಸ್ಕಿಗೆ ಬಿತ್ತು ಅನ್ನುವ ಖಾತ್ರಿ ಮಾತ್ರ ಕೊಡುವುದಿಲ್ಲ. ಮಲೆನಾಡಿನಲ್ಲಿ ಕರೆಂಟ್ ಹೋಗುವಾಗ ಯಾವ ಸಿಗ್ನಲ್ಲೂ ಬರುವುದಿಲ್ಲ.